ಹುಲಿಯೂ ಮಾತಿಗೆ ಕಟ್ಟುಬೀಳುವ ಲೋಕ

ಫ್ಯಾಂಟಸಿ ಎಂದರೆ ಏನು ಬೇಕಾದರೂ ನಡೆಯಬಹುದಾದ ಕಥೆ ಎಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಮೆಚ್ಚುವವರೂ ಅದನ್ನೇ ಹೇಳುತ್ತಾರೆ, ಮೂಗು ಮುರಿಯುವವರೂ ಅದನ್ನೇ ಹೇಳುತ್ತಾರೆ. ಮೊದಲಿನವರಿಗೆ ಅದು ಕಲ್ಪನೆಯ ಸ್ವಾತಂತ್ರ್ಯ, ಎರಡನೆಯವರಿಗೆ ಬೇಜವಾಬ್ದಾರಿ. ನನಗೆ ಎರಡೂ ಒಪ್ಪಿಗೆಯಿಲ್ಲ. ಸಾಮಾಜಿಕ ಕಾದಂಬರಿಯ ನಾಯಕ ಸಾಲ ತೀರಿಸದೆ ಊರು ಬಿಡಬಹುದು, ಮದುವೆಯ ಮಾತು ಮುರಿಯಬಹುದು. ಕಥೆ ಮುಂದೆ ಸಾಗುತ್ತದೆ. ಭಸ್ಮಾಸುರನಿಗೆ ವರ ಕೊಟ್ಟ ಶಿವನಿಗೆ ಆ ಅನುಕೂಲ ಇಲ್ಲ. ಕೊಟ್ಟಿದ್ದು ಕುತ್ತಿಗೆಗೆ ಬಂದ ಮೇಲೂ ವಾಪಸ್ ಪಡೆಯುವಂತಿಲ್ಲ, ಓಡಬೇಕು. ಜಗತ್ತನ್ನೇ ಲಯ ಮಾಡಬಲ್ಲ ದೇವರು ತಾನೇ ಆಡಿದ ಒಂದು ಮಾತಿಗೆ ಹೆದರಿ ಓಡುತ್ತಾನೆ. ಫ್ಯಾಂಟಸಿಯ ಆಕರ್ಷಣೆ ಇರುವುದು ಈ ಓಟದಲ್ಲಿ ಎಂಬುದು ನನ್ನ ವಾದ.

ವೃತ್ತಿಯಿಂದ ನಾನು ಐಟಿ ಪ್ರಾಜೆಕ್ಟ್ ಮ್ಯಾನೇಜರ್. ಕಾಲೇಜಿನಲ್ಲಿ ಓದಿದ್ದು ಎಂ.ಟೆಕ್., ಸಾಹಿತ್ಯ ಓದಿದ್ದು ಬಸ್ಸಿನಲ್ಲಿ ಮತ್ತು ರಜೆಯಲ್ಲಿ. ದಿನವಿಡೀ ಒಪ್ಪಂದ, ಗಡುವು, ಷರತ್ತುಗಳ ನಡುವೆ ಕೂರುವವನಿಗೆ ಕಥೆ ಓದುವಾಗಲೂ ಕಣ್ಣು ಮೊದಲು ಷರತ್ತಿನ ಮೇಲೆಯೇ ಬೀಳುತ್ತದೆ. ಹಿರಣ್ಯಕಶಿಪುವಿನ ವರವನ್ನೇ ನೋಡಿ. ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಿಂದಲ್ಲ ಮೃಗದಿಂದಲ್ಲ. ನಮ್ಮ ಕ್ಷೇತ್ರದಲ್ಲಿ ಇಷ್ಟು ಕೂಲಂಕಷವಾದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಸಿಕ್ಕಿದರೆ ಹಬ್ಬ ಮಾಡುತ್ತೇವೆ. ಆದರೂ ಟೆಸ್ಟಿಂಗ್‌ನವರು ಹುಡುಕಿ ತೆಗೆಯುವಂಥ ಒಂದು ಸಂದು ಅದರಲ್ಲಿ ಉಳಿದಿತ್ತು: ಮುಸ್ಸಂಜೆ, ಹೊಸ್ತಿಲು, ನರಸಿಂಹ. ವಿಷ್ಣುವಿಗೆ ಬಲ ಕಡಿಮೆಯಿರಲಿಲ್ಲ. ವರವನ್ನು ಬದಿಗೊತ್ತಿ ಮಧ್ಯಾಹ್ನವೇ ಬಂದು ಕೊಲ್ಲಬಹುದಿತ್ತು. ಹಾಗೆ ಮಾಡಿದ್ದರೆ ರಾಕ್ಷಸ ಸಾಯುತ್ತಿದ್ದ, ಆದರೆ ಕಥೆಯೂ ಸಾಯುತ್ತಿತ್ತು. ವರದ ಒಂದೊಂದು ಅಕ್ಷರವನ್ನೂ ಪಾಲಿಸಿ ಗೆದ್ದದ್ದರಿಂದಲೇ ಅದು ಇಂದಿಗೂ ಉಳಿದಿದೆ.

ಫ್ಯಾಂಟಸಿಯ ಸವಕಲು ಎನಿಸುವ ರೂಢಿಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ ಎಲ್ಲದರ ಅಡಿಯಲ್ಲೂ ಹೀಗೊಂದು ಮಾತು ಕೂತಿರುತ್ತದೆ. ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಬಚ್ಚಿಟ್ಟ ಮಾಂತ್ರಿಕನಿಗೆ ಸಾವಿಲ್ಲ, ಆದರೆ ಗಿಳಿಯ ಕುತ್ತಿಗೆ ಇನ್ನೊಬ್ಬರ ಕೈಗೆ ಸಿಕ್ಕಿದರೆ ಯಾವ ಮಂತ್ರವೂ ನಡೆಯುವುದಿಲ್ಲ. ಮೂರು ದಿಕ್ಕಿಗೆ ಹೋಗು, ನಾಲ್ಕನೆಯದಕ್ಕೆ ಮಾತ್ರ ಬೇಡ ಎಂದು ಅಜ್ಜಿ ಹೇಳಿದಾಗಲೇ ರಾಜಕುಮಾರ ಎಲ್ಲಿಗೆ ಹೋಗುತ್ತಾನೆಂದು ಕೇಳುವ ಮಗುವಿಗೆ ಗೊತ್ತು. ರಷ್ಯಾದ ವ್ಲಾದಿಮಿರ್ ಪ್ರೋಪ್ 1928ರಲ್ಲಿ ತನ್ನ ದೇಶದ ಅದ್ಭುತ ಕಥೆಗಳನ್ನು ಬಿಚ್ಚಿ 31 ಘಟ್ಟಗಳ ಪಟ್ಟಿ ಮಾಡಿದ. ಅದರಲ್ಲಿ ಎರಡನೆಯದು ನಿಷೇಧ, ಮೂರನೆಯದು ನಿಷೇಧದ ಉಲ್ಲಂಘನೆ. ಮಾಟಗಾತಿ, ಕುದುರೆ, ಕತ್ತಿ ಎಲ್ಲ ಆಮೇಲೆ ಬರುತ್ತವೆ. ಮೊದಲು ಒಂದು ಮಾತು ಇರಬೇಕು.

ರೂಢಿ ಎಂದ ಕೂಡಲೇ ವಿಮರ್ಶೆಯಲ್ಲಿ ಅದೊಂದು ಬೈಗುಳದಂತೆ ಕೇಳಿಸುತ್ತದೆ. ನಾನು ಸಾಗರದ ಕಡೆಯವನು, ಈಗ ಇರುವುದು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ. ಹೆಂಡತಿಯ ಕೆಲಸ ಇಲ್ಲಿ, ನನ್ನ ಕೆಲಸ ಲ್ಯಾಪ್‌ಟಾಪಿನಲ್ಲಿ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಉಷ್ಣವಿದ್ಯುತ್ ಸ್ಥಾವರದ ಚಿಮಣಿಗಳು, ಮಗ್ಗುಲಲ್ಲೇ ಕೊಂಡಪಲ್ಲಿ. ಕೊಂಡಪಲ್ಲಿಯ ಬೊಂಬೆಗಳನ್ನು ನೀವು ನೋಡಿರುತ್ತೀರಿ. ತೆಲ್ಲ ಪೊಣಿಕಿ ಎಂಬ ಹಗುರ ಮರ. ಕೈಕಾಲು, ತಲೆ ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಅಂಟು ಹಾಕಿ ಕೂಡಿಸಿ, ಬಣ್ಣ ಹಚ್ಚುತ್ತಾರೆ. ಯಾವ ಅಂಗಡಿಗೆ ಹೋದರೂ ಅದೇ ಅಂಬಾರಿ ಆನೆ, ಅದೇ ದಶಾವತಾರ, ಅದೇ ಎತ್ತಿನ ಗಾಡಿ. ಆದರೆ ಎರಡು ಆನೆಗಳನ್ನು ಪಕ್ಕದಲ್ಲಿಟ್ಟರೆ ಯಾವುದು ನಡೆಯುತ್ತಿದೆ, ಯಾವುದು ಬರೀ ನಿಂತಿದೆ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ನಮ್ಮ ಚನ್ನಪಟ್ಟಣದ ಬುಗುರಿಗೂ ಇದೇ ಮಾತು. ಇದೇ ಆನೆ ಯಾಕೆ ಎಂದು ಕೊಳ್ಳಲು ಬಂದ ಯಾರೂ ಕೇಳುವುದಿಲ್ಲ. ಆನೆ ಗೊತ್ತಿರುವುದರಿಂದಲೇ ಕೈಚಳಕ ಕಾಣುತ್ತದೆ. ಗಿಳಿ, ನಿಷಿದ್ಧ ದಿಕ್ಕು, ಮೂರು ವರಗಳೂ ಅದೇ ರೀತಿ. ಬಿಡಿಭಾಗ ಎಲ್ಲರಿಗೂ ಒಂದೇ, ನೋಡಬೇಕಾದ್ದು ಅಂಟು ಹಿಡಿದಿದೆಯೇ ಎಂಬುದನ್ನು.

ಇಡೀ ದಕ್ಷಿಣ ಭಾರತಕ್ಕೆ ಅದ್ಭುತ ಕಥೆಗಳನ್ನು ಹಂಚಿದವರಲ್ಲಿ ಈ ಸೀಮೆಯವರು ಬಹಳ ಮಂದಿ. 1947ರಲ್ಲಿ ‘ಚಂದಮಾಮ’ವನ್ನು ಮದ್ರಾಸಿನಲ್ಲಿ ಶುರುಮಾಡಿದ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಜೋಡಿಯಲ್ಲಿ ಚಕ್ರಪಾಣಿ ತೆನಾಲಿಯವರು. ಪತ್ರಿಕೆಯನ್ನು ದೀರ್ಘಕಾಲ ಸಂಪಾದಿಸಿದ ಕೊಡವಟಿಗಂಟಿ ಕುಟುಂಬರಾವ್ ಕೂಡ ತೆನಾಲಿಯವರೇ. ವಿಜಯವಾಡದಿಂದ ರೈಲು ಹತ್ತಿದರೆ ತೆನಾಲಿ ದೂರವಲ್ಲ. 1949ರಲ್ಲಿ ಕನ್ನಡದ ಚಂದಮಾಮ ಬಂತು. ಮಾಂತ್ರಿಕರು, ರಾಕ್ಷಸ ಕಣಿವೆಗಳು, ಪಾತಾಳದ ಕೋಟೆಗಳು ತುಂಬಿದ ಅದರ ಧಾರಾವಾಹಿಗಳನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ. ಕನ್ನಡದ ಮೂರು ತಲೆಮಾರು ಅವರ ಹೆಸರು ತಿಳಿಯದೆಯೇ ಅವರನ್ನು ಓದಿತು. ಅವರು 2010ರಲ್ಲಿ ವಿಜಯವಾಡದಲ್ಲಿ ತೀರಿಕೊಂಡರು.

ಚಂದಮಾಮದ ಬೇತಾಳನನ್ನು ನೆನೆಯಿರಿ. ಭಿಕ್ಷುವಿಗೆ ಮಾತು ಕೊಟ್ಟ ರಾಜ ಶವ ಹೊತ್ತು ನಡೆಯುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ, ಬಾಯಿ ಬಿಟ್ಟರೆ ಬೇತಾಳ ಮರಕ್ಕೆ ಹಾರುತ್ತದೆ. ಸೋಮದೇವನ ಕಥಾಸರಿತ್ಸಾಗರದಲ್ಲಿ ಬೇತಾಳನ ಕಥೆಗಳು 25. ಚಂದಮಾಮ ಅದೇ ಚೌಕಟ್ಟಿನಲ್ಲಿ ನೂರಾರು ಹೊಸ ಕಥೆಗಳನ್ನು ಕೂರಿಸಿತು. ಚೌಕಟ್ಟು ಸವೆಯಲಿಲ್ಲ. ರಾಜನಿಗೆ ಬೇಕಾದರೆ ಶವವನ್ನು ಎಸೆದು ಅರಮನೆಗೆ ಹೋಗಬಹುದು, ಕೇಳುವವರು ಯಾರೂ ಇಲ್ಲ. ಅವನು ಪ್ರತಿ ಸಲ ಮರದ ಹತ್ತಿರ ಹಿಂತಿರುಗುವುದನ್ನು ನೋಡುವುದೇ ನಮಗೆ ಖುಷಿ.

ಇದೇ ಜೋಡಿಯ ವಿಜಯಾ ಪ್ರೊಡಕ್ಷನ್ಸ್ 1951ರಲ್ಲಿ ‘ಪಾತಾಳ ಭೈರವಿ’ ತೆಗೆಯಿತು. ಕೆ.ವಿ. ರೆಡ್ಡಿ ನಿರ್ದೇಶನ, ತೋಟ ರಾಮುಡುವಾಗಿ ಎನ್.ಟಿ. ರಾಮರಾವ್, ನೇಪಾಳದ ಮಾಂತ್ರಿಕನಾಗಿ ಎಸ್.ವಿ. ರಂಗರಾವ್. ನಾಯಕ ಉಜ್ಜಯಿನಿಯ ಒಬ್ಬ ತೋಟಗಾರನ ಮಗ. ಅವನ ರಕ್ತದಲ್ಲಿ ವಿಶೇಷ ಏನೂ ಇಲ್ಲ, ಮೈಮೇಲೆ ಮಚ್ಚೆಯಿಲ್ಲ, ಕಳೆದುಹೋದ ರಾಜ್ಯವೂ ಇಲ್ಲ. ಬಯಸಿದ್ದನ್ನು ಕೊಡುವ ಪ್ರತಿಮೆ ಯಾರ ಕೈಯಲ್ಲಿದ್ದರೆ ಅವರಿಗೆ ಕೊಡುತ್ತದೆ. ರಾಮುಡುವಿನ ಕೈಯಲ್ಲಿದ್ದಾಗ ಅರಮನೆ ಕಟ್ಟಿಕೊಟ್ಟದ್ದೂ ಅದೇ, ಮಾಂತ್ರಿಕನ ಕೈಗೆ ಹೋದಾಗ ರಾಜಕುಮಾರಿಯ ಸಮೇತ ಅರಮನೆಯನ್ನು ಮಾಯ ಮಾಡಿದ್ದೂ ಅದೇ. ಮಾಯೆ ಪಕ್ಷ ವಹಿಸುವುದಿಲ್ಲ, ನಿಯಮ ಪಾಲಿಸುತ್ತದೆ. 1957ರ ‘ಮಾಯಾಬಜಾರ್’ ಇನ್ನೂ ಒಂದು ಹೆಜ್ಜೆ ಮುಂದೆ. ನಮ್ಮ ಯಕ್ಷಗಾನದ ಕನಕಾಂಗಿ ಅಲ್ಲಿ ಶಶಿರೇಖೆ. ಅದರಲ್ಲೊಂದು ಸತ್ಯಪೀಠವಿದೆ, ಅದರ ಮೇಲೆ ಕಾಲಿಟ್ಟವರು ಮನಸ್ಸಿನಲ್ಲಿದ್ದುದನ್ನು ಹೇಳಲೇಬೇಕು. ಅದರ ಮೇಲೆ ಕಾಲಿಡುವವನು ಶಕುನಿ! ಕುತಂತ್ರವೇ ಉಸಿರಾದವನ ಬಾಯಿಂದ ನಿಜ ಹೊರಬೀಳುವಾಗ ಇಡೀ ಚಿತ್ರಮಂದಿರ ನಗುತ್ತದೆ. ಅದು ಬರೀ ತಮಾಷೆಯ ನಗು ಅಲ್ಲ ಎಂದು ನನ್ನ ಅನಿಸಿಕೆ. ನಮ್ಮ ಊರಿನ ಯಾವ ದೊಡ್ಡ ಮನುಷ್ಯನನ್ನು ಆ ಪೀಠದ ಮೇಲೆ ನಿಲ್ಲಿಸಬೇಕೆಂದು ಪ್ರತಿಯೊಬ್ಬ ಪ್ರೇಕ್ಷಕನಿಗೂ ಒಂದು ಪಟ್ಟಿ ಇರುತ್ತದೆ.

ಅದ್ಭುತ ಕಥೆಯ ತಿರುಳು ಷರತ್ತು ಎಂಬುದನ್ನು ಮೊದಲು ಹೇಳಿದವನು ನಾನಲ್ಲ. ಇಂಗ್ಲಿಷಿನ ಚೆಸ್ಟರ್ಟನ್ 1908ರಲ್ಲೇ, ಯಕ್ಷಿಯರ ನಾಡಿನಲ್ಲಿ ಎಲ್ಲ ಸುಖವೂ ಒಂದು ‘ಬೇಡ’ದ ಮೇಲೆ ನಿಂತಿರುತ್ತದೆ ಎಂಬ ಅರ್ಥದ ಮಾತು ಬರೆದಿದ್ದ. ಟೋಲ್ಕಿನ್ 1939ರ ತನ್ನ ಉಪನ್ಯಾಸದಲ್ಲಿ ಕಪ್ಪೆರಾಯನ ಕಥೆಯನ್ನು ಎತ್ತಿಕೊಂಡು, ಕಪ್ಪೆಯನ್ನು ಮದುವೆಯಾಗುವುದು ಸಾಧ್ಯವೇ ಎಂಬುದು ಅಲ್ಲಿ ಮುಖ್ಯವಲ್ಲ, ಕೊಟ್ಟ ಮಾತು ಉಳಿಸಿಕೊಳ್ಳುವುದು ಮುಖ್ಯ ಎಂದಿದ್ದಾನೆ. ಇದಕ್ಕೆ ನಾನು ಸೇರಿಸಬೇಕಾದದ್ದು ಒಂದೇ: ಯಾರನ್ನು ಕಟ್ಟುವ ಮಾತು ಎಂಬ ಪ್ರಶ್ನೆ.

ನಾವಿರುವ ಜಗತ್ತಿನಲ್ಲೂ ಮಾತು ಕಟ್ಟುತ್ತದೆ, ಆದರೆ ಚಿಕ್ಕವರನ್ನು. ನಾನು ಸಹಿ ಹಾಕಿಸಿದ ಒಪ್ಪಂದಗಳಲ್ಲಿ ಕೆಲಸ ತಡವಾದರೆ ನಮ್ಮ ತಂಡಕ್ಕೆ ದಂಡ ಎಂದು ದಿನದ ಲೆಕ್ಕದಲ್ಲಿ ಬರೆದಿರುತ್ತಾರೆ. ಅನುಮೋದನೆ ಕೊಡಬೇಕಾದ ಗ್ರಾಹಕರು ತಡ ಮಾಡಿದರೆ ಏನು ಎಂಬ ಸಾಲು ಹುಡುಕಿದರೂ ಸಿಗುವುದಿಲ್ಲ. ನಮ್ಮ ಕೆಳಗೆ ಗುತ್ತಿಗೆಗೆ ಬರುವ ಹುಡುಗರ ಕಾಗದಗಳನ್ನು ನೋಡಿದರೆ ಅಲ್ಲಿ ನಾವೇ ಆ ಗ್ರಾಹಕರ ಜಾಗದಲ್ಲಿ ಕೂತಿರುತ್ತೇವೆ. ಸಾಲಪತ್ರ, ಬಾಡಿಗೆ ಕರಾರು, ಕೂಲಿಯ ಮಾತು, ಚುನಾವಣೆಯ ಭರವಸೆ, ಯಾವುದನ್ನೇ ತೆಗೆದುಕೊಳ್ಳಿ. ಮೇಲಿದ್ದಷ್ಟೂ ಮಾತು ಸಡಿಲ, ಕೆಳಗಿದ್ದಷ್ಟೂ ಬಿಗಿ. ಫ್ಯಾಂಟಸಿ ಇದನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಶಿವ ಓಡುತ್ತಾನೆ, ಶಕುನಿ ನಿಜ ಹೇಳುತ್ತಾನೆ, ರಾಜ ಹೆಣ ಹೊರುತ್ತಾನೆ. ಹಾರುವ ಕಂಬಳಿಗಿಂತ ದೊಡ್ಡ ಕಲ್ಪನೆ ಎಂದರೆ ಇದೇ. ಇದನ್ನು ಪಲಾಯನ ಎನ್ನುವವರು, ಯಾವುದರಿಂದ ಪಲಾಯನ ಎಂದೂ ಹೇಳಬೇಕು.

ಈ ವಾದಕ್ಕೆ ದೊಡ್ಡ ತೊಡಕು ಬಂದದ್ದು ನಮ್ಮ ಮನೆಯಲ್ಲೇ. ಮಗಳಿಗೆ ಹತ್ತು ವರ್ಷ. ಗೆಳತಿಯರ ಜೊತೆ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್, ನಮ್ಮ ಜೊತೆ ಮಾತ್ರ ಕನ್ನಡ. ಅವಳಿಗೆ ಕನ್ನಡದಲ್ಲಿ ಸಿಗಬೇಕಾದ ಮೊದಲ ಫ್ಯಾಂಟಸಿ ಗೋವಿನ ಹಾಡು ಎಂದು ನಾನು ನಂಬಿದ್ದೇನೆ. ಹಸು ಮಾತಾಡುತ್ತದೆ, ಹುಲಿ ಮಾತಾಡುತ್ತದೆ, ನಡುವೆ ಒಂದು ಕರಾರು. ಪುಣ್ಯಕೋಟಿ ಕರುವಿಗೆ ಹಾಲುಣಿಸಿ ಹಿಂತಿರುಗಿದ್ದನ್ನು ಕೇಳಿ ನಾವೆಲ್ಲ ಅತ್ತವರು. ಇವಳು ಅಳಲಿಲ್ಲ. “ಅಪ್ಪಾ, ಅದು ಹುಲಿ ಹೆದರಿಸಿ ತಗೊಂಡ ಮಾತಲ್ವಾ? ಅದನ್ನ ಯಾಕೆ ಉಳಿಸ್ಕೋಬೇಕು?” ಎಂದಳು.

ಕಾನೂನು ಅವಳ ಕಡೆಗಿದೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಲಾತ್ಕಾರದಿಂದ ಪಡೆದ ಒಪ್ಪಿಗೆಯನ್ನು, ಕೊಟ್ಟವರು ಬೇಕೆಂದರೆ ರದ್ದು ಮಾಡಬಹುದು. ಪುಣ್ಯಕೋಟಿ ದೊಡ್ಡಿಯಲ್ಲೇ ಉಳಿದಿದ್ದರೆ ಯಾವ ನ್ಯಾಯಾಲಯವೂ ಅವಳನ್ನು ಹುಲಿಯ ಬಾಯಿಗೆ ಕಳಿಸುತ್ತಿರಲಿಲ್ಲ. ಇದಕ್ಕಿಂತ ಮುಖ್ಯವಾಗಿ, ನಾನು ಈಗಷ್ಟೇ ಹೇಳಿದ ಮಾತನ್ನು ಈ ಕಥೆ ಸುಳ್ಳು ಮಾಡುವಂತೆ ಕಾಣುತ್ತದೆ. ಇಲ್ಲಿ ಮಾತಿಗೆ ಕಟ್ಟುಬಿದ್ದವಳು ಬಲಹೀನಳೇ ಅಲ್ಲವೇ? ವಿಧೇಯತೆಯ ಪಾಠ ಇದು ಎಂದು ಯಾರಾದರೂ ಹೇಳಿದರೆ ತಕ್ಷಣ ತಳ್ಳಿಹಾಕುವಂತಿಲ್ಲ. ಹೆಣ್ಣುಮಕ್ಕಳಿಗೆ ಈ ಕಥೆಯನ್ನು ಎಷ್ಟೋ ಮನೆಗಳಲ್ಲಿ ಆ ಉದ್ದೇಶಕ್ಕೇ ಹೇಳಿಕೊಟ್ಟಿದ್ದಾರೆ.

ಆದರೆ ಕಥೆ ಹಸು ಹಿಂತಿರುಗಿದಲ್ಲಿಗೆ ಮುಗಿಯುವುದಿಲ್ಲ. ಅವಳು ಬರುವುದಿಲ್ಲ ಎಂಬ ನಂಬಿಕೆಯಲ್ಲೇ ಹುಲಿಯ ಬದುಕು ನಿಂತಿದೆ. ಎಲ್ಲರೂ ಮಾತು ತಪ್ಪುವವರಾದರೆ ಹಸಿದವನು ತಿನ್ನುವುದರಲ್ಲಿ ತಪ್ಪೇನು? ಅವಳು ಬಂದು ನಿಂತ ಕೂಡಲೇ ಆ ಲೆಕ್ಕ ಕುಸಿಯುತ್ತದೆ. ಹುಲಿಗೆ ಯಾವ ಷರತ್ತೂ ಇರಲಿಲ್ಲ, ಅವನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಆದರೂ ಕೊನೆಗೆ ಪ್ರಾಣ ಬಿಡುವವನು ಅವನೇ. ಬಲಹೀನಳ ಮಾತು ಬಲಿಷ್ಠನನ್ನು ಕಟ್ಟಿಹಾಕಿತು. ಮಗಳಿಗೆ ಇದನ್ನು ಹೇಳಿದೆ. “ಹುಲಿಗೆ ನಾಚಿಕೆ ಆಗದೇ ಇದ್ದಿದ್ರೆ?” ಎಂದು ಕೇಳಿದಳು. ನಾಚಿಕೆಯಾಗದ ಹುಲಿಗಳು ಎಷ್ಟೋ ಇವೆ ಎಂಬುದು ನನಗೂ ಗೊತ್ತು, ಬಹುಶಃ ಅವಳಿಗೂ ಗೊತ್ತು. ಆ ಪ್ರಶ್ನೆಗೆ ಗೋವಿನ ಹಾಡಿನೊಳಗೆ ಉತ್ತರವಿಲ್ಲ. ಬೇರೆ ಕಥೆಗಳನ್ನು ಹುಡುಕಬೇಕು.

ಅವಳ ಇಷ್ಟದ ಪಾತ್ರ ಡಾಬಿ, ಹ್ಯಾರಿ ಪಾಟರ್ ಸರಣಿಯ ಮನೆಯಾಳು. ಯಜಮಾನ ಬಟ್ಟೆ ಕೊಟ್ಟರೆ ಮಾತ್ರ ಅವನಿಗೆ ಬಿಡುಗಡೆ. 1998ರಲ್ಲಿ ಬಂದ ಎರಡನೆಯ ಪುಸ್ತಕದಲ್ಲಿ ಹ್ಯಾರಿ ಒಂದು ಹಳೆಯ ಕಾಲುಚೀಲದ ಉಪಾಯ ಹೂಡಿ ಯಜಮಾನನೇ ತಿಳಿಯದೆ ಅದನ್ನು ಕೊಟ್ಟಂತೆ ಮಾಡುತ್ತಾನೆ. ನಿಯಮ ಮುರಿಯಲಿಲ್ಲ, ಸಂದಿನಲ್ಲಿ ತೂರಿತು. ಇದರ ಪಕ್ಕದಲ್ಲಿ ‘ಬಾಹುಬಲಿ’ಯ ಕಟ್ಟಪ್ಪನನ್ನು ನಿಲ್ಲಿಸಿ ನೋಡಿ. 2015ರಿಂದ 2017ರವರೆಗೆ ಕಟ್ಟಪ್ಪ ಬಾಹುಬಲಿಯನ್ನು ಏಕೆ ಕೊಂದ ಎಂದು ದೇಶವೆಲ್ಲ ಕೇಳಿತು. ಉತ್ತರ ನೂರಕ್ಕೆ ನೂರು ಫ್ಯಾಂಟಸಿಯ ರೂಢಿಯದ್ದೇ: ಮಾಹಿಷ್ಮತಿಯ ಸಿಂಹಾಸನಕ್ಕೆ ದಾಸರಾಗಿರುತ್ತೇವೆಂದು ಅವನ ಪೂರ್ವಿಕರು ಕೊಟ್ಟ ಮಾತು. ಮೊದಲ ಭಾಗದಲ್ಲಿ ನಮ್ಮ ಸುದೀಪ್ ಮಾಡಿದ ಅಸ್ಲಂ ಖಾನ್ ಎಂಬ ವ್ಯಾಪಾರಿ ಬಿಡುಗಡೆ ಕೊಡಿಸುತ್ತೇನೆಂದರೂ ಕಟ್ಟಪ್ಪ ಒಲ್ಲೆನೆನ್ನುತ್ತಾನೆ. ಆ ಮಾತಿಗೆ ಅಷ್ಟು ತೂಕ ಕೊಟ್ಟದ್ದಕ್ಕೆ ನಿರ್ದೇಶಕ ರಾಜಮೌಳಿಯವರನ್ನು ಮೆಚ್ಚಬೇಕು, ಕಥೆಯ ಬೆನ್ನೆಲುಬು ಅದೇ. ಆದರೆ ಇಲ್ಲಿ ಮಾತು ಕಟ್ಟುವುದು ದಾಸನನ್ನು ಮಾತ್ರ. ರಾಜಮಾತೆಯ ಮಾತು ಇತರರಿಗೆ ಶಾಸನ, ಅವನ ಮಾತು ಅವನಿಗೇ ಸಂಕೋಲೆ. ಆ ಸಂಕೋಲೆಯಲ್ಲಿ ಸಂದು ಹುಡುಕುವ ಆಸೆ ಸಿನಿಮಾಕ್ಕೆ ಹುಟ್ಟುವುದಿಲ್ಲ. ಅದನ್ನು ನಿಷ್ಠೆ ಎಂದು ಹೊಗಳಿ ಮುಂದೆ ಹೋಗುತ್ತದೆ. ನಾಯಕನೂ ತೋಟಗಾರನ ಮಗನಲ್ಲ. ಅವನ ಮುಖ ನೋಡಿದೊಡನೆ ಜನ ಮೊಣಕಾಲೂರುತ್ತಾರೆ, ಕಾರಣ ರಕ್ತ. ಪಾತಾಳ ಭೈರವಿಯಿಂದ ಮಾಹಿಷ್ಮತಿಗೆ ಬರುವಷ್ಟರಲ್ಲಿ ತಂತ್ರಜ್ಞಾನ ಬಹಳ ಮುಂದೆ ಬಂದಿದೆ, ಕಲ್ಪನೆ ಹಿಂದಕ್ಕೆ ಹೋಗಿದೆ.

ಮಗಳ ಪ್ರಶ್ನೆಗೆ ನನಗೆ ಕಂಡ ಉತ್ತರ ಕನ್ನಡದಲ್ಲೇ ಇದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ 1988ರ ನಾಟಕ, ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳು ಅದಕ್ಕೆ ಮೂಲ. ರೂಢಿಗಳೆಲ್ಲ ಹಳೆಯವೇ: ವಶೀಕರಣದ ಬೇರು, ಅದು ತಪ್ಪಿ ಸೇರಿದ್ದು ಹುತ್ತದ ನಾಗನಿಗೆ, ರಾತ್ರಿ ಗಂಡನ ರೂಪದಲ್ಲಿ ಬರುವ ಹಾವು. ಬಸಿರಾದ ರಾಣಿಯನ್ನು ಪಂಚಾಯಿತಿ ನಿಲ್ಲಿಸಿ ಕೇಳುತ್ತದೆ. ಅವಳು ಹುತ್ತಕ್ಕೆ ಕೈಹಾಕಿ ನಾಗನನ್ನು ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟರೆ ಬೇರೆ ಯಾವ ಗಂಡಸನ್ನೂ ಮುಟ್ಟಿಲ್ಲ ಎಂದು ಆಣೆ ಮಾಡುತ್ತಾಳೆ. ಅಕ್ಷರ ಅಕ್ಷರವೂ ನಿಜ. ಹಾವು ಕಚ್ಚುವುದಿಲ್ಲ, ಹೆಡೆಯೆತ್ತಿ ನೆರಳಾಗುತ್ತದೆ. ತಾನೇ ಇಟ್ಟ ಪರೀಕ್ಷೆಗೆ ಪಂಚಾಯಿತಿ ಕಟ್ಟುಬೀಳುತ್ತದೆ. ಅವಳ ಕಾಲಿಗೆ ಬೀಳುವುದು ಬಿಟ್ಟು ಬೇರೆ ದಾರಿಯಿಲ್ಲ. ಹಿರಣ್ಯಕಶಿಪುವಿನ ವರದಲ್ಲಿ ದೇವರು ಕಂಡ ಸಂದನ್ನು ಇಲ್ಲಿ ಮನೆಯೊಳಗೆ ಬೀಗ ಹಾಕಿಸಿಕೊಂಡಿದ್ದ ಹೆಂಗಸು ಬಳಸುತ್ತಾಳೆ. ನಾಚಿಕೆಯಾಗದ ಹುಲಿಯ ಎದುರು ಏನು ಮಾಡಬಹುದೆಂದರೆ, ಇದು.

ಇಷ್ಟನ್ನು ಒಪ್ಪಿದರೆ ಫ್ಯಾಂಟಸಿಯನ್ನು ಗುರುತಿಸುವ ಒಂದು ಪರೀಕ್ಷೆಯೂ ಸಿಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನೋಡಿ. ಗುರು ಇದ್ದಾರೆ, ಮಂದಣ್ಣನೆಂಬ ವಿಚಿತ್ರ ಶಿಷ್ಯ ಇದ್ದಾನೆ, ಒಂದು ತಂಡ, ಕಾಡಿನ ಪಯಣ, ಯಾರ ಕೈಗೂ ಸಿಗದ ಹಾರುವ ಓತಿ. ಅದ್ಭುತ ಕಥೆಯ ಸಾಮಾನೆಲ್ಲ ಅಲ್ಲಿದೆ. ಆದರೂ ಅದು ಫ್ಯಾಂಟಸಿ ಅಲ್ಲ, ಏಕೆಂದರೆ ಕಾಡು ಯಾರಿಗೂ ಮಾತು ಕೊಟ್ಟಿಲ್ಲ. ಎಷ್ಟು ಕಷ್ಟಪಟ್ಟು ಬಂದರೂ ಓತಿ ಕಣಿವೆಯೊಳಗೆ ತೇಲಿಹೋಗುತ್ತದೆ, ಅದನ್ನು ನಮ್ಮ ಶ್ರಮಕ್ಕೆ ಕಟ್ಟುವ ವರ ಎಲ್ಲೂ ಇಲ್ಲ. ಆ ಕಾದಂಬರಿಯ ದೊಡ್ಡತನ ಆ ಕೊನೆಯಲ್ಲಿದೆ. ಇದಕ್ಕೆ ತದ್ವಿರುದ್ಧವಾಗಿ ಡ್ರ್ಯಾಗನ್, ಮಂತ್ರದಂಡ, ಏಳು ರಾಜ್ಯಗಳ ನಕಾಶೆ ಎಲ್ಲ ಇದ್ದು, ಕೊನೆಯ ಯುದ್ಧದಲ್ಲಿ ನಾಯಕನಿಗೆ ಈವರೆಗೆ ಹೇಳಿರದ ಹೊಸ ಶಕ್ತಿಯೊಂದು ಉಕ್ಕಿ ಬರುವ ಪುಸ್ತಕಗಳಿವೆ. ಅಲ್ಲಿ ಮಾತು ತಪ್ಪಿದವನು ಲೇಖಕ. ಇಂಥದ್ದಕ್ಕೆ ಇಷ್ಟೇ ಬೆಲೆ ಎಂದು ಮೊದಲ ಅಧ್ಯಾಯದಲ್ಲಿ ಓದುಗನ ಜೊತೆ ಮಾಡಿಕೊಂಡ ಕರಾರನ್ನು ಅವನೇ ಹರಿದಿರುತ್ತಾನೆ.

ಕನ್ನಡದಲ್ಲಿ ಫ್ಯಾಂಟಸಿ ಇಲ್ಲ ಎಂದು ನಮ್ಮ ಗುಂಪುಗಳಲ್ಲಿ ಆಗಾಗ ಕೊರಗುತ್ತೇವೆ. ನಕಾಶೆ ಬರೆದು, ವಿಚಿತ್ರ ಹೆಸರಿಟ್ಟು, ಇಂಗ್ಲಿಷಿನ ಏಳು ಸಂಪುಟಗಳ ಅಳತೆಗೆ ಹೊಲಿಯುವ ಪ್ರಯತ್ನಗಳೂ ನಡೆಯುತ್ತವೆ, ನಡೆಯಲಿ. ಬೇಕಾದ ಮರ ನಮ್ಮ ಗುಡ್ಡದಲ್ಲೇ ಇದೆ ಎಂಬುದಷ್ಟೇ ನನ್ನ ಮಾತು. ವರ, ಶಾಪ, ಆಣೆ, ಭಾಷೆ: ನಮ್ಮಲ್ಲಿ ‘ಭಾಷೆ’ ಎಂಬ ಪದಕ್ಕೆ ನುಡಿ ಎಂಬ ಅರ್ಥವೂ ಇದೆ, ಕೊಟ್ಟ ಮಾತು ಎಂಬ ಅರ್ಥವೂ ಇದೆ. ಕನ್ನಡವನ್ನು ಊಟದ ಹೊತ್ತಿಗೆ ಮಾತ್ರ ಆಡುವ ಮಕ್ಕಳಿಗೆ ಈ ಎರಡನೆಯ ಅರ್ಥ ದಾಟಿಸುವ ಕಥೆಗಳನ್ನು ಬರೆಯುವವರು ಬೇಕು. ಆ ಕಥೆಗಳಲ್ಲಿ ಹುಲಿಗೆ ನಾಚಿಕೆಯಾಗದೇ ಹೋದರೂ ಪರವಾಗಿಲ್ಲ. ಹಸುವಿಗೆ ಕರಾರಿನ ಸಂದು ಕಾಣುವಷ್ಟು ಬುದ್ಧಿ ಇರಲಿ, ಹುಲಿಗೆ ತಾನಾಡಿದ ಮಾತಿನಿಂದ ತಪ್ಪಿಸಿಕೊಳ್ಳುವ ದಾರಿ ಇರದಿರಲಿ.